ನೆರೆಮನೆಯ ಬೆಳಕು: ನೆರೆರಾಷ್ಟ್ರಗಳ ವಿದ್ಯುತ್ ವ್ಯಾಪಾರ ಮತ್ತು ಸಹಕಾರ

(ಸಂಘದ ವಾರ್ಷಿಕ ಸಮಾರಂಭದ ಶೈಕ್ಷಣಿಕ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಉರ್ದು ಮತ್ತು ಕನ್ನಡ ಕಲಿಸುವ ಮೇಷ್ಟ್ರಿಗೆ ವಿದ್ಯುತ್ತಿನ ವಿಷಯ ಏಕೆ ಬೇಕಾಯಿತು ಎಂದು ನಿಮ್ಮಲ್ಲಿ ಕೆಲವರು ಯೋಚಿಸುತ್ತಿರಬಹುದು. ಪ್ರಶ್ನೆ ಸರಿಯಾದದ್ದೇ. ನಾನು ಇಂಜಿನಿಯರ್ ಅಲ್ಲ. ಆದರೆ ಕತ್ತಲೆಯಲ್ಲಿ ಓದಿದ ಹುಡುಗ. ಅದರಿಂದ ಬಂದ ಕುತೂಹಲವೇ ಈ ಹೊತ್ತು ನನ್ನನ್ನು ನಿಮ್ಮ ಮುಂದೆ ನಿಲ್ಲಿಸಿದೆ. ಆದ್ದರಿಂದ ದೇಶಗಳ ಮಾತಿಗೆ ಮೊದಲು ನಮ್ಮ ಓಣಿಯ ಒಂದು ಸಣ್ಣ ಸಂಗತಿಯನ್ನು ಹೇಳಲು ಅನುಮತಿ ಕೊಡಿ.

ನಮ್ಮದು ರಾಯಚೂರು ಜಿಲ್ಲೆ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ಇಡೀ ರಾಜ್ಯಕ್ಕೆ ಬೆಳಕು ಹೋಗುತ್ತಿದ್ದ ಕಾಲದಲ್ಲಿ, ಅದೇ ಜಿಲ್ಲೆಯ ನಮ್ಮ ಮನೆಗೆ ಕರೆಂಟ್ ಇರಲಿಲ್ಲ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಪಕ್ಕದ ಮನೆಯ ಕಾಕಾ ತಮ್ಮ ಮನೆಯಿಂದ ಒಂದು ವೈರ್ ಎಳೆದು ನಮಗೆ ಒಂದು ಬಲ್ಬ್ ಹಾಕಿಕೊಟ್ಟರು. ಅದು ನಿಯಮಕ್ಕೆ ವಿರುದ್ಧ ಎಂದು ಆಗ ನಮಗಾರಿಗೂ ತಿಳಿದಿರಲಿಲ್ಲ. ನಮ್ಮ ತಾಯಿ, "ಕಾಕಾ, ತಿಂಗಳಿಗೆ ಎಷ್ಟು ಕೊಡಬೇಕ್ರೀ?" ಎಂದು ಕೇಳಿದರೆ, "ಬಿಡವ್ವಾ, ಒಂದು ಬಲ್ಬಿಂದು ಏನು ಲೆಕ್ಕದ" ಎಂದು ನಕ್ಕುಬಿಟ್ಟರು. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಕಾಕಾನ ಮನೆಗೆ ದೊಡ್ಡ ಬಿಲ್ ಬಂತು. ಅವರ ಮನೆಯವರಿಗೆ ನಮ್ಮ ಮೇಲೆ ಅನುಮಾನ. ನಮ್ಮ ತಾಯಿಗೆ ಅವಮಾನ. ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ. ಒಂದು ಸಂಜೆ ಬಲ್ಬ್ ಹತ್ತಲೇ ಇಲ್ಲ, ಅಷ್ಟೇ. ಎರಡು ಮನೆಗಳ ನಡುವೆ ಹಬ್ಬದ ದಿನ ಹೋಗಿಬರುತ್ತಿದ್ದ ತಟ್ಟೆಯೂ ನಿಂತುಹೋಯಿತು. ಈ ಕಥೆಯ ಉಳಿದ ಭಾಗವನ್ನು ಕೊನೆಯಲ್ಲಿ ಹೇಳುತ್ತೇನೆ.

ಉರ್ದುವಿನಲ್ಲಿ ನೆರೆಯವನಿಗೆ "ಹಮ್‌ಸಾಯಾ" ಎನ್ನುತ್ತೇವೆ. ಹಮ್ ಎಂದರೆ ಜೊತೆ, ಸಾಯಾ ಎಂದರೆ ನೆರಳು. ಒಂದೇ ನೆರಳಿನಲ್ಲಿ ಬಾಳುವವನು ಎಂದರ್ಥ. ಕನ್ನಡದಲ್ಲಿ "ನೆರೆ" ಎಂದರೆ ಪಕ್ಕದವನೂ ಹೌದು, ಉಕ್ಕಿ ಬರುವ ಪ್ರವಾಹವೂ ಹೌದು. ಹಿಮಾಲಯದ ನದಿಗಳ ವಿಷಯಕ್ಕೆ ಬಂದರೆ ಈ ಎರಡೂ ಅರ್ಥಗಳು ಒಂದೇ ಕಡೆ ಸೇರುತ್ತವೆ. ಅಲ್ಲಿ ಒಂದು ದೇಶದ ಮಳೆ ಇನ್ನೊಂದು ದೇಶದ ಪ್ರವಾಹ. ಅದೇ ನೀರು ಮನಸ್ಸು ಮಾಡಿದರೆ ಮೂರನೆಯ ದೇಶದ ದೀಪ. ಭೂತಾನ, ನೇಪಾಳ, ಭಾರತ ಮತ್ತು ಬಾಂಗ್ಲಾದೇಶ ಈ ನೀರನ್ನು ಹೇಗೆ ದೀಪ ಮಾಡಿಕೊಂಡವು, ಎಲ್ಲಿ ಎಡವಿದವು ಎಂಬುದೇ ನನ್ನ ಇಂದಿನ ವಿಷಯ.

ವಿದ್ಯುತ್ ಎಂಬ ವಿಚಿತ್ರ ಸರಕು

ಅಕ್ಕಿ, ಬಟ್ಟೆ, ಸಿಮೆಂಟುಗಳನ್ನು ಗೋದಾಮಿನಲ್ಲಿ ಇಟ್ಟು ಬೆಲೆ ಬಂದಾಗ ಮಾರಬಹುದು. ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಹಾಗೆ ಕೂಡಿಡುವುದು ಬಹಳ ದುಬಾರಿ. ಉತ್ಪಾದನೆಯಾದ ಕ್ಷಣವೇ ಅದು ಎಲ್ಲಿಯೋ ಒಂದು ಕಡೆ ಉರಿಯಬೇಕು, ತಿರುಗಬೇಕು, ಕಾಯಬೇಕು. ಹಾಗಾಗಿ ಮಳೆಗಾಲದಲ್ಲಿ ನದಿ ತುಂಬಿದಾಗ ಕೊಳ್ಳುವವರಿಲ್ಲದಿದ್ದರೆ ಆ ನೀರು ಯಂತ್ರವನ್ನು ತಿರುಗಿಸದೆ ಸುಮ್ಮನೆ ಹರಿದುಹೋಗುತ್ತದೆ.

ವಿದ್ಯಾರ್ಥಿಗಳಿಗಾಗಿ ಅಳತೆಯ ಒಂದು ಮಾತು. ಒಂದು ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಒಂದು ಗಂಟೆ ಉರಿದರೆ ಒಂದು ಯೂನಿಟ್. ಒಂದು ಮೆಗಾವ್ಯಾಟ್ ಎಂದರೆ ಅಂತಹ ಸಾವಿರ ಇಸ್ತ್ರಿ ಪೆಟ್ಟಿಗೆಗಳು, ಅಂದರೆ ಗಂಟೆಗೆ ಸಾವಿರ ಯೂನಿಟ್.

ಇನ್ನೊಂದು ವಿಶೇಷವಿದೆ. ನಮ್ಮ ದೇಶದ ಜಾಲದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ ಲಯದಲ್ಲಿ ಹರಿಯುತ್ತದೆ. ಜಾಲಕ್ಕೆ ಸೇರಿದ ಎಲ್ಲ ಜನರೇಟರುಗಳೂ ಕವಾಯತಿನ ಹುಡುಗರಂತೆ ಒಂದೇ ಹೆಜ್ಜೆ ಹಾಕಬೇಕು. ದಕ್ಷಿಣ ರಾಜ್ಯಗಳ ಜಾಲ ಬಹುಕಾಲ ಬೇರೆ ಹೆಜ್ಜೆಯಲ್ಲಿಯೇ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹಾಕಿದ 765 ಕಿಲೋವೋಲ್ಟ್ ಮಾರ್ಗಕ್ಕೆ ವಿದ್ಯುತ್ ಹರಿಸಿದಾಗ ದಕ್ಷಿಣವೂ ದೇಶದ ಉಳಿದ ಜಾಲದೊಡನೆ ಹೆಜ್ಜೆ ಕೂಡಿಸಿತು. ಭೂತಾನ ಮತ್ತು ನೇಪಾಳದ ಜಾಲಗಳೂ ಭಾರತದ ಜಾಲದೊಡನೆ ಇದೇ ಲಯದಲ್ಲಿ ಸೇರಿವೆ. ಅಂದರೆ ಈ ಸಭಾಂಗಣದ ಫ್ಯಾನೂ ಥಿಂಪುವಿನ ಒಂದು ಮನೆಯ ಫ್ಯಾನೂ ಒಂದೇ ಮಹಾಜಾಲದ ಲಯಕ್ಕೆ ತಿರುಗುತ್ತವೆ! ನೆರೆರಾಷ್ಟ್ರಗಳ ವಿಷಯ ನಮಗೆಷ್ಟು ಹತ್ತಿರದ್ದು ಎಂಬುದು ಇದರಿಂದ ತಿಳಿಯುತ್ತದೆ.

ಬಾಂಗ್ಲಾದೇಶದ ಜೋಡಣೆ ಬೇರೆ ಬಗೆಯದು. ಪಶ್ಚಿಮ ಬಂಗಾಳದ ಬಹರಾಂಪುರದಿಂದ ಬಂದ ವಿದ್ಯುತ್ತನ್ನು ಬಾಂಗ್ಲಾದೇಶದ ಭೇರಾಮಾರಾದಲ್ಲಿ ಒಮ್ಮೆ ನೇರ ಪ್ರವಾಹವಾಗಿ ಬದಲಿಸಿ, ಮತ್ತೆ ಪರ್ಯಾಯ ಪ್ರವಾಹವಾಗಿ ಮಾಡಿ ಆಚೆಗೆ ಬಿಡುತ್ತಾರೆ. ಎರಡು ಕೆರೆಗಳನ್ನು ಒಂದಾಗಿ ಕಲಸದೆ, ನಡುವೆ ತೂಬು ಇಟ್ಟು ಬೇಕಾದಷ್ಟೇ ನೀರು ಬಿಟ್ಟಂತೆ. ನೇರ ಪ್ರವಾಹದ ಇಂತಹ ತಂತ್ರ ಕನ್ನಡಿಗರಿಗೆ ಹೊಸದಲ್ಲ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಿಂದ ನೇರ ಪ್ರವಾಹದ ಮಾರ್ಗವೇ ವಿದ್ಯುತ್ತು ತರುತ್ತಿದೆ.

ಭೂತಾನ: ನೀರನ್ನು ನಂಬಿದ ಪುಟ್ಟ ದೇಶ

ಭೂತಾನದ ಜನಸಂಖ್ಯೆ ಎಂಟು ಲಕ್ಷಕ್ಕೂ ಕಡಿಮೆ. ನಮ್ಮ ಅನೇಕ ಜಿಲ್ಲೆಗಳಲ್ಲಿ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಆ ದೇಶ 1974ರಲ್ಲಿ ಭಾರತದೊಡನೆ ಚುಖಾ ಜಲವಿದ್ಯುತ್ ಯೋಜನೆಯ ಒಪ್ಪಂದ ಮಾಡಿಕೊಂಡಿತು. ವೆಚ್ಚದಲ್ಲಿ ಶೇ. 60 ಭಾಗ ಭಾರತದ ಅನುದಾನ, ಶೇ. 40 ಭಾಗ ಸಾಲ. 1980ರ ದಶಕದ ಕೊನೆಯ ಹೊತ್ತಿಗೆ 336 ಮೆಗಾವ್ಯಾಟಿನ ಈ ಸ್ಥಾವರ ಪೂರ್ಣವಾಗಿ ಕೆಲಸಕ್ಕೆ ಬಂದಿತು. ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಭೂತಾನ ಭಾರತಕ್ಕೆ ಮಾರಿತು. ಆಮೇಲೆ 60 ಮೆಗಾವ್ಯಾಟಿನ ಕುರಿಛು, 2006-07ರಲ್ಲಿ 1020 ಮೆಗಾವ್ಯಾಟಿನ ತಾಲಾ, 2019ರಲ್ಲಿ 720 ಮೆಗಾವ್ಯಾಟಿನ ಮಾಂಗ್‌ದೆಛು ಬಂದವು. 1020 ಮೆಗಾವ್ಯಾಟಿನ ಪುನಾತ್ಸಾಂಗ್‌ಛು ಎರಡನೆಯ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು.

ಇದರಿಂದ ಬಂದ ಆದಾಯ ಆ ದೇಶದ ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಆಧಾರವಾಯಿತು. ಬೆಟ್ಟದ ಮೇಲಿನ ಹಳ್ಳಿಗಳಿಗೂ ಬೆಳಕು ತಲುಪಿತು. ಒಂದು ಸಣ್ಣ ದೇಶ ತನ್ನಲ್ಲಿರುವ ಒಂದೇ ಸಂಪತ್ತನ್ನು ನಾಶ ಮಾಡದೆ ಮಾರಬಹುದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಚುಖಾದಲ್ಲಿ ಶೇ. 60 ಇದ್ದ ಅನುದಾನ ಮಾಂಗ್‌ದೆಛುವಿನ ಹೊತ್ತಿಗೆ ಶೇ. 30ಕ್ಕೆ ಇಳಿಯಿತು. ಉಳಿದ ಶೇ. 70 ಸಾಲ. 1200 ಮೆಗಾವ್ಯಾಟಿನ ಪುನಾತ್ಸಾಂಗ್‌ಛು ಮೊದಲನೆಯ ಯೋಜನೆಯ ಅಣೆಕಟ್ಟಿನ ಜಾಗದಲ್ಲಿ 2013ರಲ್ಲಿ ಗುಡ್ಡ ಜಾರಿ ಕೆಲಸ ವರ್ಷಗಟ್ಟಲೆ ಹಿಂದೆ ಬಿದ್ದಿತು. ವೆಚ್ಚ ಹಲವು ಪಟ್ಟು ಏರಿತು. 2020ರ ಹೊತ್ತಿಗೆ 10,000 ಮೆಗಾವ್ಯಾಟ್ ಎಂಬ ಎರಡೂ ದೇಶಗಳ ಗುರಿ ಕೈಗೂಡಲಿಲ್ಲ. ಚಳಿಗಾಲದಲ್ಲಿ ನದಿಗಳು ಸೊರಗಿದಾಗ ಭೂತಾನವೇ ಭಾರತದಿಂದ ವಿದ್ಯುತ್ ಕೊಳ್ಳಬೇಕಾಗುತ್ತದೆ. ಅಂದರೆ ಬೇಸಿಗೆಯಲ್ಲಿ ಮಾರುವವನು ಚಳಿಗಾಲದಲ್ಲಿ ಕೊಳ್ಳುವವನು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕೊಡುಕೊಳ್ಳುವಿಕೆ ಎರಡೂ ಕಡೆ ನಡೆದರೇನೇ ನೆರೆಹೊರೆ. ಒಂದೇ ಕಡೆ ಹರಿದರೆ ಅದು ಉಪಕಾರವಾಗುತ್ತದೆ. ಉಪಕಾರದ ಭಾರ ಬಹಳ ದಿನ ಹೊರಲಾಗುವುದಿಲ್ಲ.

ನೇಪಾಳ: ಕತ್ತಲೆಯಿಂದ ರಫ್ತಿನವರೆಗೆ

ವಿದ್ಯಾರ್ಥಿ ಮಿತ್ರರೇ, ನೇಪಾಳದ ಕಥೆಯನ್ನು ನೀವು ಗಮನವಿಟ್ಟು ಕೇಳಬೇಕು. ಹಿಮಾಲಯದ ಇಷ್ಟೊಂದು ನದಿಗಳಿರುವ ಆ ದೇಶದಲ್ಲಿ 2008-09ರ ಒಣ ಋತುವಿನಲ್ಲಿ ದಿನಕ್ಕೆ 16 ಗಂಟೆಗಳಷ್ಟು ವಿದ್ಯುತ್ ಕಡಿತವಿತ್ತು. 2008ರ ಆಗಸ್ಟಿನಲ್ಲಿ ಕೋಶಿ ನದಿಯ ದಂಡೆ ಒಡೆದು ನೇಪಾಳ ಮತ್ತು ಬಿಹಾರದ ಲಕ್ಷಾಂತರ ಜನ ಮನೆಮಠ ಕಳೆದುಕೊಂಡರು. ಭಾರತದಿಂದ ವಿದ್ಯುತ್ ತರುತ್ತಿದ್ದ ಮಾರ್ಗವೂ ಆ ಪ್ರವಾಹದಲ್ಲಿ ಹಾಳಾಯಿತು. ನೆರೆ ಬಂದು ನೆರೆಯವನ ಬೆಳಕನ್ನು ಕೊಚ್ಚಿಕೊಂಡು ಹೋಯಿತು. ಆ ವರ್ಷಗಳಲ್ಲಿ ಕಠ್ಮಂಡುವಿನ ಮಕ್ಕಳು ಯಾವ ವಾರ ಯಾವ ಹೊತ್ತು ಕರೆಂಟ್ ಇರುತ್ತದೆಂಬ ವೇಳಾಪಟ್ಟಿ ನೋಡಿಕೊಂಡು ಓದಬೇಕಾಗಿತ್ತು.

ಈ ಕತ್ತಲೆ ಹೋದದ್ದು ಎರಡು ಕಾರಣಗಳಿಂದ. ಒಂದು, ನೆರೆಯವರೊಡನೆ ಜೋಡಣೆ. 2016ರ ಫೆಬ್ರವರಿಯಲ್ಲಿ ಬಿಹಾರದ ಮುಜಫ್ಫರ್‌ಪುರದಿಂದ ನೇಪಾಳದ ಢಲ್ಕೇಬಾರಿಗೆ ದೊಡ್ಡ ಮಾರ್ಗ ಉದ್ಘಾಟನೆಯಾಗಿ ಮೊದಲಿಗೆ 80 ಮೆಗಾವ್ಯಾಟ್ ಹರಿಯಿತು. ಇನ್ನೊಂದು, ಮನೆಯೊಳಗಿನ ಶಿಸ್ತು. ಅದೇ ವರ್ಷ ನೇಪಾಳ ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾದ ಕುಲ್ಮಾನ್ ಘಿಸಿಂಗ್ ಅವರು ಯಾರಿಗೆ ಎಷ್ಟು ಹೋಗುತ್ತಿದೆ ಎಂದು ಲೆಕ್ಕ ತೆಗೆದರು. ಕೆಲವು ದೊಡ್ಡ ಕಾರ್ಖಾನೆಗಳಿಗೆ ಎಡೆಬಿಡದೆ ಹರಿಯುತ್ತಿದ್ದ ವಿದ್ಯುತ್ತನ್ನು ಮಿತಗೊಳಿಸಿ ಮನೆಗಳಿಗೆ ಹಂಚಿದರು. ಆ ವರ್ಷದ ದೀಪಾವಳಿಯಿಂದ ಕಠ್ಮಂಡುವಿನಲ್ಲಿ ಕಡಿತ ನಿಂತಿತು. 2018ರಲ್ಲಿ ದೇಶಾದ್ಯಂತ ಮನೆಗಳಿಗೆ ಕಡಿತವಿಲ್ಲ ಎಂದು ಘೋಷಿಸಲಾಯಿತು. ಹೊರಗಿನ ಸಹಾಯ ಎಷ್ಟೇ ಬರಲಿ, ಒಳಗಿನ ಹಂಚಿಕೆ ನ್ಯಾಯವಾಗಿರದಿದ್ದರೆ ಬಡವನ ಮನೆ ಕತ್ತಲಾಗಿಯೇ ಇರುತ್ತದೆ ಎಂಬ ಪಾಠ ಇಲ್ಲಿದೆ.

2021ರಲ್ಲಿ 456 ಮೆಗಾವ್ಯಾಟಿನ ಅಪ್ಪರ್ ತಾಮಾಕೋಶಿ ಸ್ಥಾವರ ಶುರುವಾಯಿತು. ಅದೇ ವರ್ಷ ನವೆಂಬರಿನಲ್ಲಿ ನೇಪಾಳ ಭಾರತದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಮೊದಲ ಬಾರಿಗೆ ತನ್ನ ವಿದ್ಯುತ್ ಮಾರಿತು. ಎಷ್ಟು ಗೊತ್ತೇ? ಕೇವಲ 39 ಮೆಗಾವ್ಯಾಟ್. ಆದರೆ ಅದು ಸಣ್ಣ ಆರಂಭವಾಗಿತ್ತಷ್ಟೇ. 2024ರ ಜನವರಿಯಲ್ಲಿ, ಹತ್ತು ವರ್ಷಗಳಲ್ಲಿ 10,000 ಮೆಗಾವ್ಯಾಟ್ ಕೊಳ್ಳುವ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. 2023-24ರ ಸಾಲಿನಲ್ಲಿ ನೇಪಾಳದ ವಿದ್ಯುತ್ ರಫ್ತು ಅದರ ಆಮದನ್ನು ಮೀರಿತು. 16 ಗಂಟೆ ಕತ್ತಲಲ್ಲಿದ್ದ ದೇಶ ಹದಿನೈದು ವರ್ಷಗಳಲ್ಲಿ ಬೆಳಕು ಮಾರುವ ದೇಶವಾಯಿತು.

ಬಾಂಗ್ಲಾದೇಶ: ಬೆಳಕಿಗೆ ಬದಲು ದಾರಿ

ಇನ್ನು ಬಾಂಗ್ಲಾದೇಶ. 2013ರ ಅಕ್ಟೋಬರಿನಲ್ಲಿ ನಾನು ಹೇಳಿದ ಬಹರಾಂಪುರ-ಭೇರಾಮಾರಾ ಮಾರ್ಗ 500 ಮೆಗಾವ್ಯಾಟ್ ಸಾಮರ್ಥ್ಯದಿಂದ ಆರಂಭವಾಯಿತು. 2018ರಲ್ಲಿ ಅದು ಎರಡರಷ್ಟಾಯಿತು.

ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು ತ್ರಿಪುರಾದ ಸಂಗತಿ. ಭೂಪಟ ತೆರೆದು ನೋಡಿ. ತ್ರಿಪುರಾ ರಾಜ್ಯವನ್ನು ಮೂರು ಕಡೆಯಿಂದ ಬಾಂಗ್ಲಾದೇಶ ಸುತ್ತುವರಿದಿದೆ. ಅಲ್ಲಿನ ಪಾಲಾಟಾನಾದಲ್ಲಿ ಅನಿಲದಿಂದ ನಡೆಯುವ 726 ಮೆಗಾವ್ಯಾಟಿನ ಸ್ಥಾವರ ಕಟ್ಟಬೇಕಾಯಿತು. ಅದರ ಭಾರಿ ಯಂತ್ರಗಳನ್ನು ಈಶಾನ್ಯದ ಗುಡ್ಡಗಾಡಿನ ರಸ್ತೆಯಲ್ಲಿ ಸಾಗಿಸುವುದು ಬಹಳ ಕಷ್ಟ. ಆಗ ಬಾಂಗ್ಲಾದೇಶ ತನ್ನ ಆಶುಗಂಜ್ ನದಿಬಂದರಿನ ಮೂಲಕ ಅವು ಹೋಗಲು ದಾರಿ ಕೊಟ್ಟಿತು. ದಾರಿ ಕೊಟ್ಟವನಿಗೆ ಬೆಳಕಿನಲ್ಲಿ ಪಾಲು ಕೊಡಬೇಡವೇ? 2016ರ ಮಾರ್ಚ್ 23ರಂದು ತ್ರಿಪುರಾದಿಂದ ಬಾಂಗ್ಲಾದೇಶದ ಕುಮಿಲ್ಲಾಕ್ಕೆ 100 ಮೆಗಾವ್ಯಾಟ್ ಹರಿಯಿತು. ಅದೇ ದಿನ ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಸಮುದ್ರ ಕೇಬಲಿನಿಂದ ತ್ರಿಪುರಾಕ್ಕೆ ಇಂಟರ್ನೆಟ್ ಸಂಪರ್ಕ ಬಂದಿತು. ಒಬ್ಬರು ವಿದ್ಯುತ್ ಕೊಟ್ಟರು, ಇನ್ನೊಬ್ಬರು ಇಂಟರ್ನೆಟ್ ಕೊಟ್ಟರು. ಇದಕ್ಕಿಂತ ಸರಳವಾಗಿ ನೆರೆಹೊರೆಯ ಸಂಬಂಧವನ್ನು ಯಾವ ಪಠ್ಯಪುಸ್ತಕವೂ ಹೇಳಲಾರದು.

40 ಮೆಗಾವ್ಯಾಟಿನ ದೊಡ್ಡ ಮಾತು

ಈಗ ಮೂರು ದೇಶಗಳು ಒಂದಾದ ಪ್ರಸಂಗಕ್ಕೆ ಬರೋಣ. ನೇಪಾಳ ಮತ್ತು ಬಾಂಗ್ಲಾದೇಶಕ್ಕೆ ಒಂದೇ ಗಡಿಯಿಲ್ಲ. ನಡುವೆ ಭಾರತದ ಸಣ್ಣ ಪಟ್ಟಿಯಿದೆ. ನೇಪಾಳದಲ್ಲಿ ಮಳೆಗಾಲದಲ್ಲಿ ವಿದ್ಯುತ್ ಉಳಿಯುತ್ತದೆ. ಬಾಂಗ್ಲಾದೇಶದಲ್ಲಿ ಅದೇ ತಿಂಗಳುಗಳ ಸೆಕೆಯಲ್ಲಿ ಬೇಡಿಕೆ ಏರುತ್ತದೆ. ಒಬ್ಬರಲ್ಲಿ ಉಳಿದದ್ದು ಇನ್ನೊಬ್ಬರಿಗೆ ಬೇಕಾದದ್ದು, ದಾರಿ ಮೂರನೆಯವರದು.

ಈ ದಾರಿ ತೆರೆಯಲು ಬಹಳ ವರ್ಷ ಬೇಕಾಯಿತು. 2014ರ ನವೆಂಬರಿನಲ್ಲಿ ಕಠ್ಮಂಡುವಿನ ಸಾರ್ಕ್ ಶೃಂಗಸಭೆಯಲ್ಲಿ ಎಂಟು ದೇಶಗಳು ವಿದ್ಯುತ್ ಸಹಕಾರದ ಚೌಕಟ್ಟು ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ 2016ರ ಡಿಸೆಂಬರಿನಲ್ಲಿ ಭಾರತ ಹೊರಡಿಸಿದ ಮಾರ್ಗಸೂಚಿಯ ಷರತ್ತುಗಳು ಬಿಗಿಯಾಗಿದ್ದವು. ನೇಪಾಳ, ಭೂತಾನಗಳು ಅಸಮಾಧಾನ ತೋರಿದವು. ಭಾರತ ಆ ಮಾತನ್ನು ಕೇಳಿಸಿಕೊಂಡು 2018ರ ಡಿಸೆಂಬರಿನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿ, ತನ್ನ ಜಾಲದ ಮೂಲಕ ಎರಡು ನೆರೆದೇಶಗಳು ವ್ಯಾಪಾರ ಮಾಡಲು ಅವಕಾಶ ಕೊಟ್ಟಿತು. ದೊಡ್ಡವನು ತನ್ನ ನಿಯಮವನ್ನು ತಾನೇ ತಿದ್ದಿಕೊಂಡರೆ ಅವನ ದೊಡ್ಡತನ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

2024ರ ಆಗಸ್ಟಿನಲ್ಲಿ ಢಾಕಾದಲ್ಲಿ ಸರ್ಕಾರ ಉರುಳಿತು. ಭಾರತ-ಬಾಂಗ್ಲಾದೇಶ ಸಂಬಂಧದಲ್ಲಿ ಬಿಗುವು ಬಂದಿತು. ಹಾಗಿದ್ದರೂ ಅಕ್ಟೋಬರ್ 3ರಂದು ಕಠ್ಮಂಡುವಿನಲ್ಲಿ ಮೂರೂ ದೇಶಗಳ ಸಂಸ್ಥೆಗಳು ಒಪ್ಪಂದಕ್ಕೆ ಸಹಿ ಹಾಕಿದವು. ಐದು ವರ್ಷ, ಪ್ರತಿ ವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ 40 ಮೆಗಾವ್ಯಾಟ್, ಯೂನಿಟಿಗೆ 6.4 ಅಮೆರಿಕನ್ ಸೆಂಟ್. ಮೊದಲ ವರ್ಷ ಎಲ್ಲ ಸಿದ್ಧವಾಗುವ ಹೊತ್ತಿಗೆ ಅವಧಿಯ ಕೊನೆಯ ದಿನ ಬಂದುಬಿಟ್ಟಿತ್ತು. ಆದರೂ 2024ರ ನವೆಂಬರ್ 15ರಂದು, ಒಂದೇ ಒಂದು ದಿನ, ನೇಪಾಳದ ವಿದ್ಯುತ್ತು ಭಾರತದ ತಂತಿಯ ಮೂಲಕ ಬಾಂಗ್ಲಾದೇಶಕ್ಕೆ ಹರಿಯಿತು. 2025ರ ಜೂನ್ 15ರಂದು ಮತ್ತೆ ಶುರುವಾಯಿತು.

ಗಣಿತದ ವಿದ್ಯಾರ್ಥಿಗಳು ಲೆಕ್ಕ ಹಾಕಿ. ಗಂಟೆಗೆ 40,000 ಯೂನಿಟ್, ದಿನಕ್ಕೆ 9 ಲಕ್ಷ 60 ಸಾವಿರ ಯೂನಿಟ್, ಐದು ತಿಂಗಳಿಗೆ 14 ಕೋಟಿಗೂ ಹೆಚ್ಚು ಯೂನಿಟ್. ಹಣದಲ್ಲಿ ಸುಮಾರು 90 ಲಕ್ಷ ಡಾಲರ್. ಬಾಂಗ್ಲಾದೇಶದ ಬೇಡಿಕೆಯ ಮುಂದೆ ಇದು ಒಂದು ಚಮಚೆಯಷ್ಟು. ಆದರೆ ಮಾತು ಪ್ರಮಾಣದ್ದಲ್ಲ. ರಾಜಕೀಯದ ಗಾಳಿ ಎದುರು ಬೀಸುತ್ತಿದ್ದಾಗಲೂ ಬರೆದ ಕರಾರು ನಿಂತಿತು ಎಂಬುದೇ ಮಾತು. ಅದು ನಿಂತದ್ದು ಪ್ರೀತಿಯ ಭಾಷಣಗಳಿಂದಲ್ಲ. ದಿನಾಂಕ, ಪ್ರಮಾಣ, ದರ, ಅಳೆಯುವ ಜಾಗ, ಹಣ ಕೊಡುವ ಕ್ರಮ, ಎಲ್ಲವೂ ಮೊದಲೇ ಬರಹದಲ್ಲಿದ್ದವು.

ಎಡವಿದ ಕಡೆಗಳು

ಹಾಗಾದರೆ ಎಲ್ಲವೂ ಸುಗಮವೇ? ಇಲ್ಲ. ಹೊಗಳಿಕೆಯನ್ನಷ್ಟೇ ಹೇಳಿ ಹೋದರೆ ಶಿಕ್ಷಕನ ಕರ್ತವ್ಯಕ್ಕೆ ದ್ರೋಹ ಮಾಡಿದಂತೆ.

ಮೊದಲನೆಯದು, ಜೋಡಣೆಯ ಅಪಾಯ. 2014ರ ನವೆಂಬರ್ 1ರಂದು ಭೇರಾಮಾರಾ ಕೇಂದ್ರ ಇದ್ದಕ್ಕಿದ್ದಂತೆ ನಿಂತು, ಅಲ್ಲಿಂದ ಬರುತ್ತಿದ್ದ ಸುಮಾರು 450 ಮೆಗಾವ್ಯಾಟ್ ಒಮ್ಮೆಲೇ ಕಡಿದುಹೋಯಿತು. ಆ ಕೊರತೆ ತುಂಬುವ ಮೀಸಲು ಸಾಕಷ್ಟಿಲ್ಲದೆ ಇಡೀ ಬಾಂಗ್ಲಾದೇಶ ಹಲವು ಗಂಟೆ ಕತ್ತಲಲ್ಲಿ ಮುಳುಗಿತು. ನೆರೆಯವನ ಸಹಾಯ ಪಡೆಯುವವನು ತನ್ನ ಮನೆಯಲ್ಲಿ ಒಂದು ಕಂದೀಲನ್ನೂ ಇಟ್ಟುಕೊಂಡಿರಬೇಕು.

ಎರಡನೆಯದು, ಬಾಕಿ. ಜಾರ್ಖಂಡದ ಗೊಡ್ಡಾದಲ್ಲಿ 1600 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಬಾಂಗ್ಲಾದೇಶಕ್ಕಾಗಿಯೇ ಕಟ್ಟಲ್ಪಟ್ಟು 2023ರಲ್ಲಿ ವಿದ್ಯುತ್ ಕೊಡಲಾರಂಭಿಸಿತು. ಡಾಲರಿನ ಕೊರತೆಯಿಂದ ಬಾಕಿ ಬೆಳೆಯಿತು. 2024ರ ಕೊನೆಯ ತಿಂಗಳುಗಳಲ್ಲಿ ಪೂರೈಕೆ ಅರ್ಧದಷ್ಟಾಯಿತು. ದರ ದುಬಾರಿ ಎಂದು ಅಲ್ಲಿನವರ ದೂರು, ದುಡ್ಡು ಬಂದಿಲ್ಲ ಎಂದು ಇಲ್ಲಿನವರ ದೂರು. 2025ರಲ್ಲಿ ಬಾಕಿಯ ದೊಡ್ಡ ಪಾಲು ಪಾವತಿಯಾಯಿತಾದರೂ ಮನಸ್ಸಿನ ಕಹಿ ಅಷ್ಟು ಬೇಗ ಪಾವತಿಯಾಗುವುದಿಲ್ಲ.

ಮೂರನೆಯದು, ಸಂಶಯ. ಚೀನಾದ ಬಂಡವಾಳ ಅಥವಾ ಗುತ್ತಿಗೆದಾರರು ಇರುವ ನೇಪಾಳದ ಸ್ಥಾವರಗಳ ವಿದ್ಯುತ್ತನ್ನು ಭಾರತ ಕೊಳ್ಳಲು ಒಪ್ಪಿಲ್ಲ. ಭಾರತಕ್ಕೆ ಅದರ ಭದ್ರತೆಯ ಕಾರಣಗಳಿವೆ. ನೇಪಾಳಕ್ಕೆ ಅದರಿಂದಾಗುವ ನಷ್ಟವೂ ನಿಜ. ಮಹಾಕಾಳಿ ನದಿಯ ಪಂಚೇಶ್ವರ ಯೋಜನೆಗೆ 1996ರಲ್ಲಿಯೇ ಒಪ್ಪಂದವಾಗಿದ್ದರೂ ನೀರು ಮತ್ತು ಲಾಭದ ಹಂಚಿಕೆಯ ಚರ್ಚೆಯಲ್ಲಿಯೇ ದಶಕಗಳು ಕಳೆದವು, ಅಣೆಕಟ್ಟು ಏಳಲಿಲ್ಲ. ಅಣೆಕಟ್ಟು ಎದ್ದಲ್ಲೆಲ್ಲ ಮುಳುಗುವ ಹೊಲದ ರೈತನ ಹೆಸರು ಯಾವ ಒಪ್ಪಂದದ ಕೆಳಗೂ ಇರುವುದಿಲ್ಲ ಎಂಬುದನ್ನೂ ನಾವು ಮರೆಯಬಾರದು.

ನಾಲ್ಕನೆಯದು, ಕಡಿದುಹೋದ ತಂತಿ. ಹಿಮಾಚಲದ ಜೋಗಿಂದರ್‌ನಗರದಲ್ಲಿ ಶಾನನ್ ಎಂಬ ಜಲವಿದ್ಯುತ್ ಕೇಂದ್ರವಿದೆ. 1933ರಲ್ಲಿ ಆರಂಭವಾದ ಆ ಕೇಂದ್ರದಿಂದ ಲಾಹೋರಿಗೂ ಅಮೃತಸರಕ್ಕೂ ಬೆಳಕು ಹೋಗುತ್ತಿತ್ತು. 1947ರ ವಿಭಜನೆಯಲ್ಲಿ ಯಂತ್ರ ಒಂದು ದೇಶಕ್ಕೂ ಅದರ ಬೆಳಕಿನಲ್ಲಿ ಓದುತ್ತಿದ್ದ ಊರು ಇನ್ನೊಂದು ದೇಶಕ್ಕೂ ಹೋದವು. ಮುಂದೆ 1990ರ ದಶಕದ ಕೊನೆಯಲ್ಲಿ ಪಾಕಿಸ್ತಾನದಿಂದ ಭಾರತಕ್ಕೆ ವಿದ್ಯುತ್ ಮಾರುವ ಮಾತುಕತೆ ನಡೆಯಿತು, ಫಲಿಸಲಿಲ್ಲ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದ ಸಾರ್ಕ್ ಶೃಂಗಸಭೆಯೇ ನಿಂತುಹೋಯಿತು. ವಿಶ್ವಾಸವಿಲ್ಲದ ಕಡೆ ತಂತಿ ಎಳೆಯುವುದು ಎಷ್ಟು ಕಷ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಾವು ಕಲಿಯಬೇಕಾದದ್ದು

ಇಷ್ಟನ್ನೆಲ್ಲ ಓದಿದ ಮೇಲೆ ನನಗೆ ಹೊಳೆದ ಮಾತು ಒಂದೇ. ಮೊದಲು ವಿಶ್ವಾಸ ಹುಟ್ಟಲಿ, ಆಮೇಲೆ ಲೆಕ್ಕ ನೋಡೋಣ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ನೆರೆರಾಷ್ಟ್ರಗಳ ಅನುಭವ ಇದನ್ನು ತಿರುವಿ ಹೇಳುತ್ತದೆ. ಸಣ್ಣದಾಗಿ ಶುರುಮಾಡಿ ಸರಿಯಾಗಿ ಲೆಕ್ಕವಿಟ್ಟರೆ ವಿಶ್ವಾಸ ತಾನಾಗಿ ಹುಟ್ಟುತ್ತದೆ. 39 ಮೆಗಾವ್ಯಾಟಿನ ಲೆಕ್ಕ ಸರಿಬಂದ ಮೇಲೆ 10,000 ಮೆಗಾವ್ಯಾಟಿನ ಮಾತು ಬಂದಿತು. ಲೆಕ್ಕ ಎಂದರೆ ಅಪನಂಬಿಕೆಯಲ್ಲ. ಲೆಕ್ಕ ಎಂದರೆ ಎದುರಿನವನ ಮಾನಕ್ಕೆ ಕೊಡುವ ಗೌರವ. ಅದರಲ್ಲಿಯೂ ಇಬ್ಬರಲ್ಲಿ ಸಣ್ಣವನಿಗೆ ಅದೇ ರಕ್ಷಣೆ.

ಪ್ರೀತಿಯ ವಿದ್ಯಾರ್ಥಿಗಳೇ, ಈ ಕೆಲಸಕ್ಕೆ ಮನುಷ್ಯರು ಬೇಕು. ಹಿಮದ ಬೆಟ್ಟದಲ್ಲಿ ಗೋಪುರ ಏರುವ ಲೈನ್‌ಮನ್, ಐ.ಟಿ.ಐ. ಮತ್ತು ಡಿಪ್ಲೊಮಾ ಮುಗಿಸಿದ ತಂತ್ರಜ್ಞ, ಮಳೆಯ ಮುನ್ಸೂಚನೆ ನೋಡಿ ನಾಳೆ ಎಷ್ಟು ವಿದ್ಯುತ್ ಬರುತ್ತದೆಂದು ಲೆಕ್ಕ ಹಾಕುವವನು, ಕರಾರು ಬರೆಯುವ ವಕೀಲೆ, ಬಾಕಿ ತಾಳೆ ನೋಡುವ ಲೆಕ್ಕಿಗ, ಎರಡು ಭಾಷೆ ಬಲ್ಲ ಅನುವಾದಕ, ಎಲ್ಲರೂ ಬೇಕು. ನಮ್ಮ ಮಕ್ಕಳು ವಿದ್ಯುತ್ ಎಂದರೆ ಬಿಲ್ ಕಟ್ಟುವ ಕೌಂಟರ್ ಮಾತ್ರ ಎಂದು ತಿಳಿಯಬಾರದು. ವಿಜ್ಞಾನ ತೆಗೆದುಕೊಂಡ ಹೆಣ್ಣುಮಕ್ಕಳ ಪಾಲಕರಲ್ಲಿ ನನ್ನದೊಂದು ವಿನಂತಿ: ಎಲೆಕ್ಟ್ರಿಕಲ್ ಎಂದ ಕೂಡಲೇ ಅದು ಗಂಡುಮಕ್ಕಳ ಓದು ಎಂದು ತಳ್ಳಿಹಾಕಬೇಡಿ. ಸಂಘದ ಹಿರಿಯರಲ್ಲಿ ಇನ್ನೊಂದು ವಿನಂತಿ: ವಿದ್ಯಾರ್ಥಿವೇತನ ಕೊಡುವಾಗ ಡಿಪ್ಲೊಮಾ ಮತ್ತು ಐ.ಟಿ.ಐ. ಓದುವವರನ್ನೂ ನೆನಪಿಟ್ಟುಕೊಳ್ಳಿ.

ಕೊನೆಯದಾಗಿ, ನಮ್ಮ ಓಣಿಯ ಕಥೆ ಬಾಕಿಯಿದೆ. ಬಲ್ಬ್ ಆರಿದ ಮೇಲೆ ಕೆಲವು ತಿಂಗಳು ನಾನು ಚಿಮಣಿ ಬುಡ್ಡಿಯಲ್ಲಿ ಓದಿದೆ. ಒಂದು ದಿನ ನಮ್ಮ ತಾಯಿ ಬೀಡಿ ಕಟ್ಟಿ ಕೂಡಿಸಿದ ದುಡ್ಡಿನಲ್ಲಿ ಒಂದು ಸಣ್ಣ ಮೀಟರ್ ತರಿಸಿ, ತಾವೇ ಕಾಕಾನ ಮನೆಗೆ ಹೋದರು. "ಕಾಕಾ, ಇದನ್ನ ನಿಮ್ಮ ಮನ್ಯಾಗೇ ಹಾಕಿಸ್ರಿ. ಎಷ್ಟು ತಿರುಗಿತೋ ಅಷ್ಟು ನಾವು ಕೊಡ್ತೀವಿ. ನಿಮಗೂ ಅನುಮಾನ ಬ್ಯಾಡ, ನಮಗೂ ಋಣ ಬ್ಯಾಡ" ಎಂದರು. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಮರುದಿನ ಸಂಜೆ ಬಲ್ಬ್ ಹತ್ತಿತು. ತಿಂಗಳ ಕೊನೆಗೆ ಇಬ್ಬರೂ ಕೂಡಿ ಮೀಟರ್ ನೋಡುತ್ತಿದ್ದರು. ಯೂನಿಟ್ ಬರೆದುಕೊಳ್ಳುವ ಕೆಲಸ ನನ್ನದು. ಆ ವರ್ಷದ ಹಬ್ಬಕ್ಕೆ ತಟ್ಟೆ ಮತ್ತೆ ಹೋಗಿಬಂದಿತು. ಮುಂದೆ ನಮ್ಮ ಮನೆಗೇ ಸ್ವಂತ ಸಂಪರ್ಕ ಬಂದ ಮೇಲೂ ಆ ಮೀಟರನ್ನು ನಮ್ಮ ತಾಯಿ ಬಿಸಾಡಲಿಲ್ಲ. ಅದು ಈಗಲೂ ನಮ್ಮ ಮನೆಯ ಅಟ್ಟದ ಮೇಲಿದೆ.

ಢಲ್ಕೇಬಾರಿನಲ್ಲಿ, ಭೇರಾಮಾರಾದಲ್ಲಿ ಕುಳಿತಿರುವ ದೊಡ್ಡ ಮೀಟರುಗಳ ವಿಷಯ ಓದುವಾಗಲೆಲ್ಲ ನನಗೆ ಅಟ್ಟದ ಮೇಲಿನ ಆ ಸಣ್ಣ ಮೀಟರ್ ನೆನಪಾಗುತ್ತದೆ. ದೇಶಗಳ ನಡುವೆಯೂ ಓಣಿಯ ನಡುವೆಯೂ ಬೆಳಕು ಹೀಗೆಯೇ ಹರಿಯಲಿ: ಅಳತೆಯಿಂದ, ಮಾನದಿಂದ, ಎರಡೂ ಕಡೆಗೆ.